ಎತ್ತಿದ ಸುತ್ತಿಗೆ ಇಳಿಸುವಂತಿಲ್ಲ

ನಂಜನಗೂಡು
4 ಸೆಪ್ಟೆಂಬರ್ 2025

ಮಾತೃಸಮಾನರಾದ ಅತ್ತಿಗೆ ಗಂಗಲಕ್ಷ್ಮಮ್ಮನವರಿಗೆ ಚಿಕ್ಕಹನುಮಯ್ಯ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀವೂ ಮಗಳು ಅನುವೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಕಿವಿಯ ಸಂಗತಿ ನಿಮಗೆ ಗೊತ್ತು. ಇಷ್ಟು ವರ್ಷ ಕಬ್ಬಿಣದ ಸುತ್ತಿಗೆಯ ಪಕ್ಕ ಕೂತವನಿಗೆ ಫೋನಿನ ಮಾತು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಉಲ್ಲಾಳದ ಹೊನ್ನಾದೇವಿ ಗುಡಿಯ ಸಮಿತಿ ಅಧ್ಯಕ್ಷರಾದ ಲಕ್ಷ್ಮೀಪತಿಯವರು ನನ್ನ ಮಗನ ಮೊಬೈಲಿಗೆ ಮೆಸೇಜು ಹಾಕಿದ್ದರು. ಹನ್ನೆರಡು ವರ್ಷ ತುಂಬಿದ್ದರಿಂದ ದೇವಿಯನ್ನು ಪೀಠಕ್ಕೆ ಹಿಡಿದಿರುವ ಹಳೆಯ ಅಷ್ಟಬಂಧ ತೆಗೆದು ಹೊಸದು ತುಂಬಿಸಬೇಕಂತೆ. ಆ ಕೆಲಸವನ್ನು ನೀವು ಒಪ್ಪಿಕೊಂಡು ಬಂದಿದ್ದೀರಂತೆ. ಅಣ್ಣನ ಹೆಸರು ಹಿಡಿದು ‘ಬೆಟ್ಟಯ್ಯನವರ ಮನೆಯವರು ಮಾಡ್ತೀವಿ’ ಎಂದಿರಂತೆ. ಮನೆಯವರು ಎಂದರೆ ಯಾರು, ಕುಟ್ಟುವವರು ಯಾರು ಎಂದು ಅವರು ನನ್ನನ್ನು ಕೇಳುತ್ತಿದ್ದಾರೆ. ನಾನೇನು ಹೇಳಲಿ?

ಅಣ್ಣ ಹೋಗಿ ಎರಡು ವರ್ಷವಾಯಿತು. ಅರಗು, ರಾಳ, ಗುಗ್ಗುಳ ತಂದು ಹಸನು ಮಾಡಿ ಮಾರಿಕೊಂಡು ನೀವು ಬದುಕು ಸಾಗಿಸುತ್ತಿದ್ದೀರಿ, ಸಂತೋಷ. ಆದರೆ ಅದನ್ನು ಕುಟ್ಟಿ ದೇವರ ಕಾಲಡಿಗೆ ಇಡುವುದು ಬೇರೆ ಮಾತು. ನಮ್ಮ ಮನೆತನದಲ್ಲಿ ಇದು ಗಂಡಸರು ವ್ರತ ಹಿಡಿದು ಮಾಡುವ ಕೆಲಸ. ಹೆಂಗಸರ ಕೈ ತಾಗಿದ ಬಂಧ ಕಲ್ಲನ್ನು ಹಿಡಿಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅದೂ ಅಲ್ಲದೆ, ಎತ್ತಿದ ಸುತ್ತಿಗೆಯನ್ನು ಬಂಧ ಹದಕ್ಕೆ ಬರುವವರೆಗೆ ಇಳಿಸುವಂತಿಲ್ಲ. ಕೈ ಬದಲಾಯಿಸಬಹುದು, ಸದ್ದು ನಿಲ್ಲಬಾರದು. ನಡುವೆ ನಿಂತರೆ ಊರಿಗೇ ಕೇಡು. ಅಷ್ಟು ತ್ರಾಣ ಹೆಂಗಸರಿಗೆ ಎಲ್ಲಿಂದ ಬರಬೇಕು?

ಕುಟ್ಟುವ ಕಲ್ಲೂ ಎರಡು ಸುತ್ತಿಗೆಗಳೂ ನಿಮ್ಮ ಮನೆಯಲ್ಲಿವೆ. ಸೋಮವಾರ ಟೆಂಪೊ ಕಳಿಸುತ್ತೇನೆ. ದಯವಿಟ್ಟು ಕೊಟ್ಟು ಕಳಿಸಿ. ಉಲ್ಲಾಳದ ಕೆಲಸ ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿಮ್ಮ ಮೈದುನ,
ಚಿಕ್ಕಹನುಮಯ್ಯ


ಸುಂಕದಕಟ್ಟೆ
11 ಸೆಪ್ಟೆಂಬರ್ 2025

ಚಿರಂಜೀವಿ ಹನುಮಯ್ಯನಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಟೆಂಪೊ ಬಂದಿತ್ತು. ಡ್ರೈವರು ಒಳ್ಳೆಯ ಹುಡುಗ. "ಆಂಟಿ, ಕಲ್ಲು ಎಲ್ಲಿದೆ ತೋರ್ಸಿ, ಎತ್ಕೊಂಡು ಹೋಗ್ತೀನಿ" ಅಂದ. "ಇಲ್ಲೇ ಇದೆ ಕಣಪ್ಪ, ಅದರ ಮೇಲೇ ಕೂತಿದೀನಿ. ನನ್ನನ್ನೂ ಸೇರ್ಸಿ ಎತ್ತೋ ಹಾಗಿದ್ರೆ ಎತ್ತು" ಅಂದೆ. ಕಾಫಿ ಕುಡಿದು, ಎರಡು ಚಕ್ಕುಲಿ ತಿಂದು, ಖಾಲಿ ಗಾಡಿ ಓಡಿಸಿಕೊಂಡು ಹೋದ.

ಮೇಲೆ ಮಾತೃಸಮಾನರು ಎಂದು ಬರೆದು ಕೆಳಗೆ ಕಲ್ಲು ಕೊಡಿ ಎಂದು ಬರೆಯುವುದು ಯಾವ ಊರಿನ ಮರ್ಯಾದೆಯೋ? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಚಡ್ಡಿ ಹುಡುಗ. ರಾಳದ ತುಂಡನ್ನು ಕಲ್ಲುಸಕ್ಕರೆ ಎಂದು ಕಚ್ಚಿ, ಮೇಲಿನ ಹಲ್ಲು ಕೆಳಗಿನ ಹಲ್ಲು ಅಂಟಿಸಿಕೊಂಡು ಹಿತ್ತಲಲ್ಲಿ ಮುಲುಗುತ್ತಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದ್ದು ಇದೇ ಹೆಂಗಸಿನ ಕೈ. ಅವತ್ತು ನಿನಗೆ ಈ ಕೈ ಬೇಡ ಅನ್ನಿಸಲಿಲ್ಲ.

ಈಗ ಕೇಳು. ಇಷ್ಟು ವರ್ಷ ನಿಮ್ಮಣ್ಣನ ಮುಖ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಅವರಿಲ್ಲ, ಇನ್ನು ಯಾರಿಗಾಗಿ ಮುಚ್ಚಲಿ? ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬಲಭುಜ ಮುರಿದುಕೊಂಡರಲ್ಲ, ಅದು ಕೂಡಿತು ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು. ಅವರು ಆಮೇಲೆ ಒಂದು ದಿನವೂ ಸುತ್ತಿಗೆ ಎತ್ತಲಿಲ್ಲ. ಅನ್ನದ ತಟ್ಟೆ ಎತ್ತುವುದೇ ಕಷ್ಟವಿತ್ತು. ಗುಡಿಯಲ್ಲಿ ಜನ ತುಳಿದಾಡುತ್ತಾರೆ, ಮಡಿ ಉಳಿಯುವುದಿಲ್ಲ, ಮನೆಯಲ್ಲೇ ಕುಟ್ಟಿ ತರುತ್ತೇವೆ ಎಂದು ಸಮಿತಿಗಳನ್ನು ಒಪ್ಪಿಸುತ್ತಿದ್ದರು. ಕುಟ್ಟುತ್ತಿದ್ದವಳು ನಾನು.

ಅರಗನ್ನು ಕಡ್ಡಿ ಕಸ ಬಿಡಿಸಿ ತೊಳೆದು ಒಣಗಿಸಿದ್ದು ನಾನು. ರಾಳವನ್ನು ಕೆಂಡದ ಮೇಲೆ ಉದುರಿಸಿ, ಹೊಗೆಯ ವಾಸನೆ ನೋಡಿ, ಕಲಬೆರಕೆಯದನ್ನು ಅಂಗಡಿಯವನ ಮುಖಕ್ಕೆ ವಾಪಸ್ಸು ಎಸೆದಿದ್ದು ನಾನು. ಗುಗ್ಗುಳ, ಜೇನುಮೇಣ, ಜಾಜುಕಲ್ಲು, ಶಂಖದ ಪುಡಿ, ಹತ್ತಿ, ಎಲ್ಲ ಸೇರಿಸಿ, ಬೆಣ್ಣೆ ಮುಟ್ಟಿಸುತ್ತಾ ಮುಟ್ಟಿಸುತ್ತಾ, ಸುತ್ತಿಗೆಯ ಏಟಿನ ಬಿಸಿಗೇ ಅದು ಕರಗಿ ಚಪಾತಿ ಹಿಟ್ಟಿನ ಹಾಗೆ ಆಗುವವರೆಗೆ ಹೊಡೆದಿದ್ದು ನಾನು. ನಿಮ್ಮಣ್ಣ ಎಡಗೈಯಲ್ಲಿ ಉಂಡೆ ತಿರುಗಿಸಿಕೊಡುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಬಾಳೇಶನ ಲೇತ್ ಮೆಷೀನು ಕಿರುಚುತ್ತಿರುವಾಗ ನನ್ನ ಸುತ್ತಿಗೆ ಸದ್ದು ಯಾರಿಗೆ ಕೇಳಬೇಕು? ನೀನು ನಂಜನಗೂಡಿನಿಂದ ಪೀಠಕ್ಕೆ ತುಂಬುವ ದಿನ ಮಾತ್ರ ಬರುತ್ತಿದ್ದೆ. ಸಿದ್ಧವಾದ ಉಂಡೆ ನೋಡಿ ‘ಅಣ್ಣನ ಕೈ ಅಂದ್ರೆ ಕೈ’ ಅನ್ನುತ್ತಿದ್ದೆ. ನಾನು ಒಳಗೆ ಕೈಗೆ ಅರಿಶಿನ ಹಚ್ಚಿಕೊಂಡು ಕೂತಿರುತ್ತಿದ್ದೆ.

ಕೆಂಗೇರಿಯ ಈಶ್ವರ, ವಿಜಯನಗರದ ಗಣಪತಿ, ಉಲ್ಲಾಳದ ಹೊನ್ನಾದೇವಿ, ಎಲ್ಲರೂ ನಾನು ಕುಟ್ಟಿದ ಬಂಧದ ಮೇಲೆ ನಿಂತಿದ್ದಾರೆ. ಅಲ್ಲಾಡಿದರು ಎಂದು ಯಾರಾದರೂ ದೂರು ತಂದರಾ? ಅಮ್ಮನಿಗೆ ಅರ್ಪಿಸಲು ಹಸಿರು ಬಳೆ ಬೇಕು, ಬಳೆ ತೊಟ್ಟ ಕೈ ಬೇಡ, ಇದು ಯಾವ ನ್ಯಾಯ ಹನುಮಯ್ಯ?

ಈ ಸಲ ಹಿತ್ತಲಲ್ಲಿ ಅಲ್ಲ, ಉಲ್ಲಾಳದ ಗುಡಿಯ ಅಂಗಳದಲ್ಲೇ ಕೂತು ಕುಟ್ಟುತ್ತೇನೆ. ಎಲ್ಲರೂ ನೋಡಲಿ. ಕಲ್ಲು ಕೊಡುವುದಿಲ್ಲ.

ನಿನ್ನ ಅತ್ತಿಗೆ,
ಗಂಗಲಕ್ಷ್ಮಮ್ಮ


ನಂಜನಗೂಡು
20 ಸೆಪ್ಟೆಂಬರ್ 2025

ಅತ್ತಿಗೆಯವರಿಗೆ ನಮಸ್ಕಾರಗಳು.

ಇಂಥ ಮಾತನ್ನು ಕಾಗದದ ಮೇಲೆ ಬರೆಯುತ್ತಾರೆಯೇ? ಓದಿದ ತಕ್ಷಣ ಒಲೆಗೆ ಹಾಕಿದೆ. ಇನ್ನೊಬ್ಬರ ಕೈಗೆ ಸಿಕ್ಕಿದ್ದರೆ ಗತಿಯೇನು? ನೀವು ಹೆಸರು ಹೇಳಿದ ಗುಡಿಗಳವರೆಲ್ಲ ನನ್ನ ಬಾಗಿಲಿಗೆ ಬಂದು ‘ಮೋಸ ಮಾಡಿದಿರಿ’ ಎಂದರೆ ನಾನು ತಲೆ ಎತ್ತಿಕೊಂಡು ಓಡಾಡುವುದು ಹೇಗೆ? ಅಣ್ಣ ವ್ರತ ಹಿಡಿದು ಕುಟ್ಟಿದ್ದಾನೆ ಎಂದು ದೇವರ ಎದುರು ಹೇಳಿದವನು ನಾನು. ಸತ್ತವನನ್ನು ಸುಳ್ಳುಗಾರನನ್ನಾಗಿ ಮಾಡಬೇಡಿ.

ನಿಮ್ಮ ಮೇಲೆ ನನಗೆ ಗೌರವವಿದೆ. ಅಣ್ಣ ತೀರಿಕೊಂಡ ದಿನ ನೀವು ಬಳೆ ಒಡೆಯಲು ಕೈ ಕೊಡಲಿಲ್ಲ. ನೆಂಟರೆಲ್ಲ ಏನೇನೋ ಅಂದರು. ನಾನು ಸುಮ್ಮನಿದ್ದೆ. ಆದರೆ ಎಲ್ಲಕ್ಕೂ ಒಂದು ಮಿತಿ ಇದೆ.

ಉಲ್ಲಾಳದ ಬಂಧವನ್ನು ಪೀಠಕ್ಕೆ ತುಂಬಿದವನು ನಾನು. ಅದರಲ್ಲಿ ಏನಿತ್ತು ಎಂಬುದು ನನ್ನ ಹೆಬ್ಬೆರಳಿಗೆ ಗೊತ್ತು. ಆ ಮಾತು ಬೇಡ, ಬಿಡಿ.

ನೀವು ಹಟ ಬಿಡದಿದ್ದರೆ ನಮ್ಮ ಮನೆಯ ಹೆಂಗಸರು ಎಂದೂ ಬಂಧ ಮುಟ್ಟಿದವರಲ್ಲ ಎಂದು ಲಕ್ಷ್ಮೀಪತಿಯವರಿಗೆ ಬರೆದು ಕಳಿಸಬೇಕಾಗುತ್ತದೆ. ನನ್ನ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ.

ಚಿಕ್ಕಹನುಮಯ್ಯ


ಸುಂಕದಕಟ್ಟೆ
29 ಸೆಪ್ಟೆಂಬರ್ 2025

ಹನುಮಯ್ಯ,

ಬರಿ. ಧಾರಾಳವಾಗಿ ಬರಿ. ಸ್ಟಾಂಪು ಬೇಕಿದ್ದರೆ ನಾನೇ ಕಳಿಸುತ್ತೇನೆ.

ನಿಮ್ಮಣ್ಣನನ್ನು ಸುಳ್ಳುಗಾರ ಮಾಡುತ್ತಿದ್ದೇನೆ ಅಂದೆಯಲ್ಲ, ಅದು ನನಗೆ ನೋವಾಯಿತು. ಪ್ರತಿ ಸಲ ಗುಡಿಯಿಂದ ಶಾಲು ಹೊದಿಸಿಕೊಂಡು ಬಂದಾಗ ಅವರು ಅದನ್ನು ತೆಗೆದು ನನ್ನ ಹೆಗಲಿಗೆ ಹಾಕುತ್ತಿದ್ದರು. "ಇದು ನಿಂದು ಕಣೇ" ಅನ್ನುತ್ತಿದ್ದರು. ಮನೆಯೊಳಗೆ ಹೇಳುತ್ತಿದ್ದರು, ಹೊರಗೆ ಹೇಳಲು ಅವರಿಗೆ ಧೈರ್ಯವಿರಲಿಲ್ಲ. ನಾನು ಅವರನ್ನು ಅದಕ್ಕಾಗಿ ಬೈದಿದ್ದೇನೆ, ಅತ್ತಿದ್ದೇನೆ, ಆದರೂ ಇಷ್ಟಪಟ್ಟೇ ಬಾಳಿದೆ. ಅವರ ಧೈರ್ಯ ಸಾಲದೆ ಹೋದದ್ದನ್ನು ನಾನು ಮಾಡಿದರೆ ಅವರ ಹೆಸರು ಕೆಡುವುದಿಲ್ಲ.

ಸಾಕ್ಷಿ ಬೇಕಾ? ಇದೆ. ಹನ್ನೆರಡು ವರ್ಷದ ಹಿಂದೆ ಹೊನ್ನಾದೇವಿಯ ಬಂಧ ಇನ್ನೇನು ಹದಕ್ಕೆ ಬಂತು ಅನ್ನುವಾಗ ಸುತ್ತಿಗೆಯ ಹಿಡಿ ಜಾರಿ ನನ್ನ ಕೈಬಳೆಗೆ ಬಡಿಯಿತು. ಹಸಿರು ಗಾಜಿನ ಬಳೆ, ಚೂರುಚೂರಾಯಿತು. ಸುತ್ತಿಗೆ ನಿಲ್ಲಿಸುವಂತಿಲ್ಲವಲ್ಲ, ನಾನು ಹೊಡೆಯುತ್ತಲೇ ಇದ್ದೆ. ನಿಮ್ಮಣ್ಣ ಚೂರು ಆಯ್ದರು. ಆಮೇಲೆ ನೆಲದ ಮೇಲೆ ಜೋಡಿಸಿ ನೋಡಿದರೆ ಉಗುರಿನಷ್ಟು ಒಂದು ತುಂಡು ಕಡಿಮೆ. ಮನೆಯೆಲ್ಲ ಗುಡಿಸಿದೆವು, ಸಿಗಲಿಲ್ಲ. ಅದು ಬಂಧದೊಳಗೇ ಇದೆ.

ನವೆಂಬರ್ ಹನ್ನೆರಡಕ್ಕೆ ಅರ್ಚಕ ಗೋಪೀನಾಥರು ದೇವಿಯ ಶಕ್ತಿಯನ್ನು ಕಳಶಕ್ಕೆ ಇಳಿಸುತ್ತಾರೆ, ಆಮೇಲೆ ಹಳೆಯ ಬಂಧ ಒಡೆಯುತ್ತಾರೆ. ನೀನೂ ಬಾ. ಬಂಧ ಬಿರುಕು ಬಿಟ್ಟಿದ್ದರೆ ಕಲ್ಲು, ಸುತ್ತಿಗೆ ಎಲ್ಲ ನಾನೇ ನಿನ್ನ ಟೆಂಪೊಗೆ ಏರಿಸುತ್ತೇನೆ, ಇನ್ನು ಜನ್ಮದಲ್ಲಿ ಆ ಕೆಲಸದ ಹೆಸರೆತ್ತುವುದಿಲ್ಲ. ಬಂಧ ಗಟ್ಟಿಯಿದ್ದು ಒಳಗೆ ನನ್ನ ಬಳೆ ಸಿಕ್ಕಿದರೆ ನೀನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಲಕ್ಷ್ಮೀಪತಿಯವರಿಗೂ ಹೀಗೆಯೇ ಹೇಳಿ ಬಂದಿದ್ದೇನೆ.

ಗಂಗಲಕ್ಷ್ಮಮ್ಮ


ಸುಂಕದಕಟ್ಟೆ
14 ನವೆಂಬರ್ 2025

ಹನುಮಯ್ಯ,

ನೀನು ಉತ್ತರ ಬರೆಯಲಿಲ್ಲ. ಮೊನ್ನೆ ಬರಲೂ ಇಲ್ಲ. ಹೋಗಲಿ, ಏನಾಯಿತು ಎಂದು ನಾನೇ ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳಿ ನೀನು ಖುಷಿಪಡುವುದು ಬೇಡ.

ಬೆಳಗ್ಗೆಯಿಂದ ಇಬ್ಬರು ಕಲ್ಲುಕೆಲಸದವರು ಉಳಿ ಹಿಡಿದು ಹೊಡೆದರು. ಉಳಿಯ ಬಾಯಿ ಮೊಂಡಾಯಿತು, ಬಂಧ ಜಗ್ಗಲಿಲ್ಲ. "ಏನ್ ಸಾರ್ ಇದು, ಕಾಂಕ್ರೀಟಿಗಿಂತ ಗಟ್ಟಿ ಇದೆ" ಅಂದರು. ಮಧ್ಯಾಹ್ನದ ಮೇಲೆ ತುಂಡುತುಂಡಾಗಿ ಎದ್ದು ಬಂತು. ಒಡೆದ ಜಾಗದಲ್ಲಿ ಇನ್ನೂ ರಾಳದ ಘಮ ಇತ್ತು ಕಣೋ. ನಾನು ಒಂದು ತುಂಡನ್ನು ಮೂಗಿಗೆ ಹಿಡಿದು ನಿಂತೇಬಿಟ್ಟೆ. ನಿಮ್ಮಣ್ಣ ಪಕ್ಕದಲ್ಲಿ ಕೂತ ಹಾಗೆ ಆಯಿತು.

ಆಮೇಲೆ ಬಳೆ ಹುಡುಕಿದೆವು. ಎಲ್ಲ ತುಂಡುಗಳನ್ನೂ ಒಡೆದು ನೋಡಿದೆವು. ಅನು ಮೆಟ್ರೋ ಸ್ಟೇಷನ್ ಕೌಂಟರಿಗೆ ರಜೆ ಹಾಕಿ ಬಂದಿದ್ದಳು, ಪುಡಿಯನ್ನೆಲ್ಲ ಜರಡಿ ಹಿಡಿದಳು. ಇಲ್ಲ. ಹಸಿರು ಚೂರು ಎಲ್ಲೂ ಇಲ್ಲ.

ಲಕ್ಷ್ಮೀಪತಿ ಮೊಬೈಲು ತೆಗೆದು ನೀನು ಬರೆದದ್ದನ್ನು ಎಲ್ಲರ ಮುಂದೆ ಓದಿದರು. ‘ನಮ್ಮ ಮನೆಯ ಹೆಂಗಸರು ಎಂದೂ ಬಂಧ ಮುಟ್ಟಿದವರಲ್ಲ.’ ಓದಿ, "ನೋಡಿ ಅಮ್ಮ, ಬಂಧ ಗಟ್ಟಿ ಇದೆ ಅನ್ನೋದು ನಿಜ. ಇಷ್ಟು ಗಟ್ಟಿ ಇದೆ ಅಂದ್ರೆ ಅದು ಗಂಡಸರು ಕುಟ್ಟಿರೋದೇ ಅಂತ ಗೊತ್ತಾಗತ್ತೆ" ಅಂದರು. ಜನ ನಕ್ಕರು. ನನ್ನ ಕೆಲಸ ಚೆನ್ನಾಗಿದೆ ಅನ್ನುವುದೇ ಅದು ನನ್ನದಲ್ಲ ಅನ್ನುವುದಕ್ಕೆ ಸಾಕ್ಷಿ. ಇಂಥ ನ್ಯಾಯ ನಾನು ಎಲ್ಲೂ ಕಂಡಿಲ್ಲ. ಯಾರೋ ಹಿಂದಿನಿಂದ ‘ಸುಳ್ಳಿ’ ಅಂದರು. ಅನು ಜರಡಿ ಹಿಡಿದುಕೊಂಡೇ ಅತ್ತುಬಿಟ್ಟಳು. ನಾನು ಅಳಲಿಲ್ಲ. ಮನೆಗೆ ಬಂದು ಅತ್ತೆ.

ಈಗ ಲಕ್ಷ್ಮೀಪತಿ, ಅಷ್ಟಬಂಧವೇ ಬೇಡ, ಗ್ರಾನೈಟ್ ಅಂಟಿಸುವ ಗಮ್ಮು ತರಿಸೋಣ, ಅರ್ಧ ಗಂಟೆ ಕೆಲಸ, ಡಿಸೆಂಬರ್ ಮೊದಲ ವಾರಕ್ಕೆ ಕುಂಭಾಭಿಷೇಕ ಮುಗಿಸೋಣ ಅನ್ನುತ್ತಿದ್ದಾರೆ. ಡಬ್ಬ ಆಗಲೇ ಬಂದು ಆಫೀಸಿನಲ್ಲಿ ಕೂತಿದೆ. ನನ್ನ ಮೇಲಿನ ಸಿಟ್ಟಿಗೆ ನೀನು ನಿಮ್ಮಪ್ಪನ ಕಾಲದಿಂದ ಬಂದ ಕೆಲಸವನ್ನೇ ಮುಳುಗಿಸಿದೆ. ಖುಷಿಯಾಯಿತಾ?

ಆ ಚೂರು ಬಂಧದಲ್ಲಿ ಬಿದ್ದಿದ್ದಂತೂ ನಿಜ. ಎಲ್ಲಿ ಹೋಯಿತೋ ಆ ತಾಯಿಗೇ ಗೊತ್ತು. ಸೋತೆ ಎಂದು ಕಲ್ಲು ಕೇಳಲು ಬರಬೇಡ. ಬಂಧ ಬಿರುಕು ಬಿಟ್ಟಿದ್ದರೆ ತಾನೇ ಕೊಡುತ್ತೇನೆ ಅಂದದ್ದು? ಬಿಟ್ಟಿರಲಿಲ್ಲ.

ಗಂಗಲಕ್ಷ್ಮಮ್ಮ


ನಂಜನಗೂಡು
21 ನವೆಂಬರ್ 2025

ಅತ್ತಿಗೆಯವರಿಗೆ,

ಕಾಗದದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಮೊದಲು ಅದನ್ನು ಬಿಚ್ಚಿ ನೋಡಿ.

ಅದು ನಿಮ್ಮದೇ. ಅವತ್ತು ಪೀಠದ ಪೂರ್ವದ ಮೂಲೆಗೆ ಬಂಧ ಒತ್ತುವಾಗ ಹೆಬ್ಬೆರಳಿಗೆ ಚುಚ್ಚಿತು. ತೆಗೆದು ನೋಡಿದರೆ ಹಸಿರು ಗಾಜು. ಅಣ್ಣ ಬಳೆ ತೊಡುವವನಲ್ಲ. ಅವನ ಮುಖ ನೋಡಿದೆ. ಅವನು ನನ್ನ ಕೈ ನೋಡುತ್ತಿದ್ದ. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದೆ. ಹಾಗಾಗಿ ನಿಮ್ಮ ಕಾಗದಗಳಲ್ಲಿ ನನಗೆ ಹೊಸ ಸಂಗತಿ ಏನೂ ಇರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದ್ದರೆ ಅವತ್ತೇ ನಮ್ಮನ್ನು ಗುಡಿಯಿಂದ ಓಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಮಾತು ನಿಜವಾಗುತ್ತದೆ, ಆ ಬಂಧ ಒಡೆಯುತ್ತದೆ ಎಂದು ನಾನು ಕಾದಿದ್ದೆ. ಯುಗಾದಿಗೆ ನಿಮ್ಮ ಮನೆಗೆ ಬಂದಾಗಲೆಲ್ಲ ಹೊನ್ನಾದೇವಿಯ ದರ್ಶನಕ್ಕೆ ಎಂದು ಉಲ್ಲಾಳಕ್ಕೆ ಹೋಗುತ್ತಿದ್ದೆನಲ್ಲ, ದರ್ಶನಕ್ಕಲ್ಲ. ಅರ್ಚಕರು ಆ ಕಡೆ ತಿರುಗಿದಾಗ ಪೂರ್ವದ ಮೂಲೆಗೆ ಉಗುರು ಹಾಕಿ ಕೆರೆದು ನೋಡುತ್ತಿದ್ದೆ. ಒಂದು ವರ್ಷವೂ ಒಂದು ಎಳೆ ಬಿರುಕು ಕಾಣಲಿಲ್ಲ. ಈ ಕಡೆ ನಾನೇ ಕುಟ್ಟಿ ತುಂಬಿದ ಎರಡು ಗುಡಿಗಳಲ್ಲಿ ಬಂಧ ಬಿಟ್ಟುಕೊಂಡು ಮತ್ತೆ ತುಂಬಬೇಕಾಯಿತು. ಅದನ್ನು ನಿಮಗೆ ಹೇಳಿರಲಿಲ್ಲ. ಅಣ್ಣ ಹೋದಾಗ ಆ ಒಡೆದ ಬಳೆಯೇ ಕಾರಣ ಎಂದು ಮನಸ್ಸಿನಲ್ಲಿ ನಿಮ್ಮನ್ನು ದೂರಿದೆ. ಎಂಥ ನೀಚ ಯೋಚನೆ ಎಂದು ಈಗ ಅನ್ನಿಸುತ್ತದೆ.

ನಿಮ್ಮನ್ನು ಸುಳ್ಳಿ ಅಂದರು ಎಂದು ಓದಿದ ಮೇಲೆ ಊಟ ಸೇರಲಿಲ್ಲ. ನಾನೇ ಬಂದು ಹೇಳುತ್ತೇನೆ. ಆದರೆ ನೀವು ಅವಸರ ಮಾಡಬೇಡಿ. ಲಕ್ಷ್ಮೀಪತಿಯವರು ದೊಡ್ಡ ಹುದ್ದೆಯಲ್ಲಿದ್ದವರು, ಎದುರಾಡಿದರೆ ಕೆರಳುತ್ತಾರೆ. ನಾನು ಮೊದಲು ನಯವಾಗಿ ಮಾತಾಡಿ ಒಪ್ಪಿಗೆ ಕೊಡಿಸುತ್ತೇನೆ. ಅವರು ಹ್ಞೂಂ ಅನ್ನುವವರೆಗೆ ದಯವಿಟ್ಟು ಸುಮ್ಮನಿರಿ.

ಚಿಕ್ಕಹನುಮಯ್ಯ


ಉಲ್ಲಾಳ, ಹೊನ್ನಾದೇವಿ ಗುಡಿಯ ಅಂಗಳ
26 ನವೆಂಬರ್ 2025

ಹನುಮಯ್ಯ,

ಪೊಟ್ಟಣ ಮೊನ್ನೆ ಸಿಕ್ಕಿತು. ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಆಮೇಲೆ ನಿನಗೆ ಬಾಯಿಗೆ ಬಂದ ಹಾಗೆ ಬೈದೆ. ಅನು ಬಾಗಿಲು ಹಾಕಿದಳು, ಬೀದಿಗೆ ಕೇಳಿಸುತ್ತೆ ಎಂದು. ಅಣ್ಣ ತಮ್ಮ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ನಾನೊಬ್ಬಳೇ ಗುಟ್ಟು ಕಾಯುತ್ತಿದ್ದೇನೆ ಎಂದು ಹೆದರಿ ಸತ್ತೆ. ಅದನ್ನು ನಾನು ಇಷ್ಟು ಬೇಗ ಮರೆಯುವುದಿಲ್ಲ, ಹೇಳಿಬಿಡುತ್ತೇನೆ.

ಆದರೂ ನೀನು ಎಸೆಯದೆ ಇಟ್ಟುಕೊಂಡಿದ್ದೆ. ಅದಕ್ಕೇ ಈ ಕಾಗದ.

ಒಪ್ಪಿಗೆ ಕೊಡಿಸುತ್ತೇನೆ, ಸುಮ್ಮನಿರಿ ಅಂದೆ. ಸುಮ್ಮನಿದ್ದು ಸಾಕಾಗಿದೆ. ಇವತ್ತು ಬೆಳಗ್ಗೆ ಬಾಳೇಶನ ಗಾಡಿಯಲ್ಲಿ ಕಲ್ಲು ಹಾಕಿಕೊಂಡು ಬಂದು ಗುಡಿಯ ಹೊಂಗೆ ಮರದ ಕೆಳಗೆ ಇಳಿಸಿದೆ. ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಅಮ್ಮನಿಗೆ ಕೈ ಮುಗಿದು ಸುತ್ತಿಗೆ ಎತ್ತಿದೆ. ಲಕ್ಷ್ಮೀಪತಿ ವಾಕಿಂಗ್ ಬಟ್ಟೆಯಲ್ಲೇ ಓಡಿ ಬಂದರು.

"ಯಾರು ಪರ್ಮಿಷನ್ ಕೊಟ್ರು ನಿಮಗೆ? ನಿಲ್ಲಿಸ್ರೀ ಮೊದ್ಲು" ಅಂದರು.

"ಸುತ್ತಿಗೆ ಎತ್ತಿ ಆಯ್ತು ಸಾರ್. ನಡುವೆ ನಿಲ್ಲಿಸಿದ್ರೆ ಊರಿಗೆ ಕೇಡು ಅಂತಾರೆ. ನಿಲ್ಲಿಸಿ ಅಂತ ಇನ್ನೊಂದು ಸಲ ಎಲ್ಲರಿಗೂ ಕೇಳೋ ಹಾಗೆ ಹೇಳ್ಬಿಡಿ, ಈಗಲೇ ಇಳಿಸ್ತೀನಿ. ನಾಳೆ ಯಾರಿಗೇನಾದ್ರೂ ನಿಮ್ಮ ಹೆಸರು ಹೇಳ್ತೀನಿ, ಅಷ್ಟೇ" ಅಂದೆ. ಹೊಡೆಯುತ್ತಲೇ ಅಂದೆ.

ಅವರು ಗೋಪೀನಾಥರ ಮುಖ ನೋಡಿದರು. ಗೋಪೀನಾಥರು ಆರತಿ ತಟ್ಟೆ ಹಿಡಿದು ನಿಂತಿದ್ದರು. "ಎತ್ತಿದ ಸುತ್ತಿಗೆ ಇಳಿಸೋ ಹಾಗಿಲ್ಲ ಸಾರ್. ಯಾರು ಎತ್ತಿದಾರೆ ಅಂತ ಆ ಮಾತಲ್ಲಿ ಇಲ್ಲ" ಅಂದರು. ಲಕ್ಷ್ಮೀಪತಿ ಸುತ್ತ ನೆರೆದ ಜನರನ್ನು ನೋಡಿ ಪಕ್ಕಕ್ಕೆ ಸರಿದು ನಿಂತರು. ನಿನ್ನ ಮೊದಲ ಕಾಗದದಲ್ಲಿ ನನ್ನನ್ನು ಹೆದರಿಸಲು ಬರೆದಿದ್ದೆಯಲ್ಲ ಆ ಮಾತು, ಎಷ್ಟು ಉಪಯೋಗಕ್ಕೆ ಬಂತು ನೋಡು.

ಬಳೆಚೂರನ್ನು ಅವರಿಗೆ ತೋರಿಸಲಿಲ್ಲ. ನನ್ನ ಹತ್ತಿರವೇ ಇತ್ತು, ಸೆರಗಿನ ಗಂಟಿನಲ್ಲಿ. ಸಾಕ್ಷಿ ತೋರಿಸಿ ಒಪ್ಪಿಸಿಕೊಳ್ಳುವುದು ನನಗೆ ಬೇಡವಾಯಿತು. ನೋಡಬೇಕಾದವರು ಈಗ ಕಣ್ಣಾರೆ ನೋಡುತ್ತಿದ್ದಾರೆ.

ನಮ್ಮ ಬೀದಿಯಲ್ಲಿ ಊದಿನಕಡ್ಡಿ ಹೊಸೆಯುವ ಹೆಂಗಸರೆಲ್ಲ ಬಂದಿದ್ದಾರೆ. ಸರದಿಯ ಮೇಲೆ ಕುಟ್ಟುತ್ತಿದ್ದೇವೆ. ಒಂದು ಸುತ್ತಿಗೆ ಏಳುವಾಗ ಇನ್ನೊಂದು ಬೀಳಬೇಕು, ಅದೊಂದನ್ನು ಕಲಿಸಿದೆ, ಅವರಿಗೆ ತಾಳ ಬೇಗ ಹತ್ತಿತು. ಅನುವಿನ ಕೈ ಬೊಬ್ಬೆ ಬಂದಿದೆ. ನಿಲ್ಲಿಸು ಅಂದರೆ ನನ್ನ ಮೇಲೇ ರೇಗುತ್ತಾಳೆ. ನಾನು ಮರಕ್ಕೆ ಒರಗಿ ಇದನ್ನು ಬರೆಯುತ್ತಿದ್ದೇನೆ. ನಿನಗೆ ಅರ್ಧಂಬರ್ಧ ಕಿವಿ ಇದ್ದರೂ ಈ ಸದ್ದು ನೆಲದಿಂದಲೇ ಕಾಲಿಗೆ ಹತ್ತುತ್ತದೆ, ಕೇಳಿಸುವುದೇ ಬೇಡ.

ಇದನ್ನು ಈಗಲೇ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ. ಪೀಠಕ್ಕೆ ತುಂಬುವುದು ಇನ್ನು ಮೂರು ದಿನದ ಮೇಲೆ, ಸಿಕ್ಕ ದಿನವೇ ಬಸ್ಸು ಹತ್ತಿದರೆ ಆ ಹೊತ್ತಿಗೆ ಬರುತ್ತೀಯ. ನನ್ನ ಪರವಾಗಿ ಯಾರ ಹತ್ತಿರವೂ ನಯವಾಗಿ ಮಾತಾಡುವುದು ಬೇಡ. ‘ಇದು ನಮ್ಮ ಅತ್ತಿಗೆ ಕುಟ್ಟಿದ್ದು, ಆ ಹಳೆಯದೂ ಅವರೇ ಕುಟ್ಟಿದ್ದು’ ಎಂದು ನೆಟ್ಟಗೆ ಹೇಳು. ಆಮೇಲೆ ನನ್ನ ಪಕ್ಕ ಕೂತು ಬಂಧ ತುಂಬು. ನಿನ್ನ ಹೆಬ್ಬೆರಳು ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಬರದಿದ್ದರೆ ಅನು ತುಂಬುತ್ತಾಳೆ.

ಬಳೆಚೂರನ್ನು ಪೂರ್ವದ ಮೂಲೆಯಲ್ಲಿ, ಮೇಲೆ ಕಾಣುವ ಹಾಗೆ ಒತ್ತುತ್ತೇನೆ. ಈ ಸಲ ತೆಗೆಯಬೇಡ.

ಅನು ಕೂಗುತ್ತಿದ್ದಾಳೆ. ನನ್ನ ಸರದಿ.

ಗಂಗಲಕ್ಷ್ಮಮ್ಮ